ಆಮೆನ್ ಆಗುವವರೆಗೆ

ಚಿಟ್ಟೆಯಜ್ಜಿಯನ್ನು ಮಾತಾಡಿಸಲು ಹೋದವರಿಗೆ ಮೊದಲು ಎದುರಾಗುವುದು ಅವಳ ಎಡಗೈಯ ತೋರುಬೆರಳು. ನೀವು ಬಾಗಿಲಲ್ಲಿ ನಿಂತು "ಅಜ್ಜೀ" ಎಂದು ಕೂಗಿದ್ದೇ ತಡ, ನೂಲು ಸುತ್ತಿಕೊಂಡ ಆ ಬೆರಳು ನೆಟ್ಟಗಾಗುತ್ತದೆ. ಮುಖ ಮೇಲೇಳುವುದಿಲ್ಲ. ತುಟಿಗಳು ಸದ್ದಿಲ್ಲದೆ ಆಡುತ್ತಿರುತ್ತವೆ, ಬಲಗೈಯ ಕ್ರೋಶಾ ಕಡ್ಡಿ ನೂಲನ್ನು ಕೊಕ್ಕೆಯಲ್ಲಿ ಹಿಡಿದು ಎಳೆಯುತ್ತ ಬಿಡುತ್ತ ಇರುತ್ತದೆ. ನೀವು ಊರಿಗೇ ದೊಡ್ಡವರಾಗಿರಿ, ಹೊಸ ಬೀಗರೇ ಆಗಿರಿ, ಅಲ್ಲೇ ನಿಂತಿರಬೇಕು. ಸ್ವಲ್ಪ ಹೊತ್ತಿಗೆ "ಆಮೆನ್" ಎಂಬ ಮಾತು ಕೇಳುತ್ತದೆ, ಬೆರಳು ಇಳಿಯುತ್ತದೆ, ಮುಖ ಅರಳುತ್ತದೆ. "ಬಾ, ಬಾ! ಯಾವಾಗ ಬಂದೆ?" ಎನ್ನುತ್ತಾಳೆ, ನೀವು ಅಷ್ಟು ಹೊತ್ತು ಕಂಬದ ಹಾಗೆ ನಿಂತದ್ದು ಅವಳಿಗೆ ಗೊತ್ತೇ ಇಲ್ಲವೆಂಬಂತೆ.

"ನಮ್ಮನೆಗೆ ಬೆಂಕಿ ಬಿದ್ರೂ ಆಮೆನ್ ಆಗೋವರೆಗೆ ಕಾಯ್ಬೇಕು" ಎಂದು ಅವಳ ಗಂಡ ಬದುಕಿದ್ದಾಗ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವನು ಬಡಗಿ. ಹಲ್ಲಿನ ನಡುವೆ ಮೊಳೆ ಕಚ್ಚಿಕೊಂಡೇ ಜೋಕು ಹೇಳಬಲ್ಲ ಮನುಷ್ಯ.

ಇಷ್ಟು ಗಟ್ಟಿಯಾಗಿ ಕೂರುವ ಹೆಂಗಸಿಗೆ ಚಿಟ್ಟೆ ಎಂದು ಯಾರು ಹೆಸರಿಟ್ಟರು ಎಂದು ಹೊಸಬರು ಕೇಳುತ್ತಾರೆ. ಹಳಬರು ಮುಸಿಮುಸಿ ನಗುತ್ತಾರೆ. ಅವಳ ಚಿಕ್ಕಂದಿನಲ್ಲಿ ಆ ಹೆಸರು ಬಿಟ್ಟು ಬೇರೆ ಯಾವ ಹೆಸರೂ ಅವಳಿಗೆ ಒಪ್ಪುತ್ತಿರಲಿಲ್ಲ. ಉಪ್ಪು ತಾ ಎಂದು ಕಳಿಸಿದರೆ ಬೆಕ್ಕಿನ ಮರಿ ತರುತ್ತಿದ್ದಳು. ಮರಿಯನ್ನು ಇದ್ದಲ್ಲಿ ಬಿಟ್ಟು ಬಾ ಎಂದು ಕಳಿಸಿದರೆ ಸಂಜೆಗೆ ಬರುತ್ತಿದ್ದಳು, ಮರಿಯ ಜೊತೆಗೇ, ಉಪ್ಪಂತೂ ಇಲ್ಲವೇ ಇಲ್ಲ. "ಇವಳ ಮೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ, ಚಪ್ಪಲಿ ಮೂರನೇ ಕಡೆ" ಎಂದು ಅವಳ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಮೇಷ್ಟರು ಹಲಗೆಯ ಕಡೆ ತಿರುಗಿ ಮತ್ತೆ ಈ ಕಡೆ ತಿರುಗುವುದರೊಳಗೆ ಅವಳು ಬೇರೆ ಬೆಂಚಿನಲ್ಲಿ ಇರುತ್ತಿದ್ದಳು. ಚಿಟ್ಟೆ ಎಂದು ಮೊದಲು ಕರೆದವರು ಅವರೇ. ಓದು ತಲೆಗೆ ಹತ್ತದು ಎಂದು ಖಾತ್ರಿಯಾದ ಮೇಲೆ ಅಮ್ಮ ಅವಳ ಕೈ ಹಿಡಿದು ಚರ್ಚಿನ ಹಿಂದಿನ ಲೇಸಿನ ಕೋಣೆಗೆ ಕರೆದುಕೊಂಡು ಹೋದಳು.

"ಎಲ್ಲಾದ್ರೂ ಕೂರಿಸ್ಕೊಳ್ಳಿ ಟೀಚರಮ್ಮ. ಕಟ್ಟಿ ಹಾಕಿದ್ರೂ ನನ್ನದೇನೂ ತಕರಾರಿಲ್ಲ."

ಆ ಕೋಣೆಯಲ್ಲಿ ಈಗ ಕಾಲು ಮುರಿದ ಕುರ್ಚಿಗಳನ್ನೂ ಮೈಕಿನ ಪೆಟ್ಟಿಗೆಗಳನ್ನೂ ತುಂಬಿದ್ದಾರೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದೇ ಒಂದು ಕೆಲಸ. ಆಗ ಹಾಗಿರಲಿಲ್ಲ. ಸುಣ್ಣ ಬಳಿದ ಉದ್ದನೆಯ ಕೋಣೆ, ಬೀದಿಯ ಕಡೆಗೆ ಎತ್ತರದ ಕಿಟಕಿಗಳು, ನಡುವೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮೇಜು, ಅದರ ಸುತ್ತ ಬಿಳಿ ಏಪ್ರನ್ ತೊಟ್ಟ ಹೆಂಗಸರು. ಒಳಗೆ ಬಂದವರು ಮೊದಲು ಬಾಗಿಲ ಬಳಿಯ ತೊಟ್ಟಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು. ಟೀಚರಮ್ಮ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಈರುಳ್ಳಿ ವಾಸನೆ ಬಂದರೆ ವಾಪಸ್ಸು ತೊಟ್ಟಿಗೆ. ನೂಲಿನ ಉಂಡೆ ಉರುಳದಂತೆ ಒಬ್ಬೊಬ್ಬರ ಮುಂದೂ ಒಂದೊಂದು ತಗಡಿನ ಮಗ್ಗು. ಉಂಡೆ ಒಳಗೆ ಕುಣಿಯುವ ಸಣ್ಣ ಸದ್ದು, ಅದರ ಮೇಲೆ ಇಪ್ಪತ್ತು ಬಾಯಿಗಳು ಪಿಸುಗುಟ್ಟುವ ಕರ್ತನ ಪ್ರಾರ್ಥನೆ. ಆ ಗುಂಯ್ ಎನ್ನುವ ಸದ್ದು ಕೇಳಿದ್ದವರು ಈಗ ಬೆರಳೆಣಿಕೆಯಷ್ಟೂ ಉಳಿದಿಲ್ಲ. ಚಿಟ್ಟೆಯಜ್ಜಿಗೆ ಮಾತ್ರ ಇವತ್ತಿಗೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದು ಕೇಳಿಸುತ್ತದೆ.

ಪ್ರಾರ್ಥನೆ ಯಾಕೆಂದರೆ, ಅಲ್ಲಿ ಲೆಕ್ಕ ಹಾಕುತ್ತಿದ್ದುದೇ ಹಾಗೆ. ಹೆಣಿಗೆಯ ನಮೂನೆಯ ಹಾಳೆ ಓದಬಲ್ಲ ಹೆಂಗಸರು ಅಲ್ಲಿ ಕಡಿಮೆ. ಪ್ರಾರ್ಥನೆ ಬಾರದವರು ಒಬ್ಬರೂ ಇಲ್ಲ. ಅದಕ್ಕೇ ಟೀಚರಮ್ಮ ಪ್ರಾರ್ಥನೆಯ ಒಂದೊಂದು ಮಾತಿಗೆ ಒಂದೊಂದು ದಳ ಎಂದು ಗೊತ್ತು ಮಾಡಿದ್ದರು. ಮೊದಲ ಮಾತಿಗೆ ಮೊದಲ ದಳ, ಮುಂದಿನ ಮಾತಿಗೆ ಮುಂದಿನದು, ಆಮೆನ್ ಎಂದಾಗ ಹೂವು ಮುಗಿಯುತ್ತದೆ. ಹೂವಿಗೆ ಹೂವು ಸೇರಿಸಿದರೆ ಅಂಚು. ನಡುವೆ ಯಾರಾದರೂ ಕರೆದರೆ ಉತ್ತರ ಕೊಡುವ ಹಾಗಿಲ್ಲ. ನೂಲಿನ ಬೆರಳು ಎತ್ತಬೇಕು. ಆಮೆನ್ ಆಗುವವರೆಗೆ ಕಾಯಿರಿ ಎಂದು ಅದರ ಅರ್ಥ. ಪಾದ್ರಿಗಳೇ ಬಂದು ಕರೆದರೂ ಬೆರಳೇ. ಆ ಪಾಪದ ಪಾದ್ರಿಗಳು ಕೈಕಟ್ಟಿ ನಿಂತಿರುತ್ತಿದ್ದರು.

ಟೀಚರಮ್ಮ ಚಿಟ್ಟೆಯನ್ನು ತಂದು ಕೂರಿಸಿದ್ದು ನೇರ ಕಿಟಕಿಯ ಪಕ್ಕ. ಅಮ್ಮನಿಗೆ ಗಾಬರಿ. "ಅಲ್ಲಿ ಬೇಡ ಟೀಚರಮ್ಮ, ಇವಳು ಬೀದೀಲೇ ಇರ್ತಾಳೆ!"

"ಕಿಟಕಿ ಇಲ್ಲದ ಮನೇಗೆ ಇವಳನ್ನ ಮದುವೆ ಮಾಡಿ ಕೊಡ್ತೀಯಾ?" ಎಂದರು ಟೀಚರಮ್ಮ. "ಇಲ್ಲೇ ಕೂತು ಕಲೀಲಿ."

ಕಲಿತದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಎರಡು ದಳ ಆಗುವುದರೊಳಗೆ ಬೀದಿಯಲ್ಲಿ ಯಾರೋ ಜಗಳಕ್ಕೆ ನಿಲ್ಲುತ್ತಿದ್ದರು, ಇಲ್ಲವೇ ನಾಯಿಯೊಂದು ಯಾರದೋ ಟೋಪಿ ಕಚ್ಚಿಕೊಂಡು ಓಡುತ್ತಿತ್ತು. ಪ್ರಾರ್ಥನೆ ಎಲ್ಲಿಗೆ ಬಂದಿತ್ತೋ ದೇವರಿಗೇ ಗೊತ್ತು. ಟೀಚರಮ್ಮ ಹತ್ತಿರ ಬಂದು ನೂಲಿನ ತುದಿ ಹಿಡಿದು ಎಳೆಯುತ್ತಿದ್ದರು, ಇಡೀ ಕೆಲಸ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಬೈಯುತ್ತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸುತ್ತಿತ್ತು ಚಿಟ್ಟೆಗೆ. ಒಂದು ದಿನ ಅವಳು ಕಡ್ಡಿ ಬಿಸಾಕಿ ಮುಖ ಮುಚ್ಚಿಕೊಂಡು ಅತ್ತಳು.

"ನನ್ನ ಮನಸ್ಸೇ ಸರಿಯಿಲ್ಲ ಟೀಚರಮ್ಮ. ದೇವರು ನನಗೆ ಹಾಳು ಮನಸ್ಸು ಕೊಟ್ಟಿದ್ದಾನೆ."

"ಕೊಟ್ಟಿದ್ದೇನೋ ಒಳ್ಳೇದನ್ನೇ. ಅದಕ್ಕೆ ಮನೆ ದಾರಿ ಗೊತ್ತಿಲ್ಲ ಅಷ್ಟೆ" ಎಂದರು ಟೀಚರಮ್ಮ, ನೆಲದ ಮೇಲಿನ ಕಡ್ಡಿ ಎತ್ತಿ ಕೊಡುತ್ತ. "ಹೊರಗೆ ಹೋದ್ರೆ ಹೊಡೀಬೇಡ. ಕೈ ಹಿಡ್ಕೊಂಡು ಕರ್ಕೊಂಡು ಬಾ. ಮತ್ತೆ ಮೊದಲಿಂದ ಶುರು ಮಾಡು. ಎಷ್ಟು ಸಲ ಹೋದ್ರೂ ಅಷ್ಟು ಸಲ ಕರ್ಕೊಂಡು ಬಾ. ನಾವು ದಿನಾ ಪ್ರಾರ್ಥನೆ ಮಾಡೋದು ಇನ್ನೇನಕ್ಕೆ ಅಂದ್ಕೊಂಡಿದ್ದೀಯಾ?"

ಹಾಗೆ ಕರೆದುಕೊಂಡು ಬಂದು, ಕರೆದುಕೊಂಡು ಬಂದು, ಒಂದು ಮಧ್ಯಾಹ್ನ ಅವಳ ಕೈಯಲ್ಲಿ ಒಂದು ಇಡೀ ಹೂವು ಬಂತು. ಆಮೆನ್ ಎಂದಾಗ ಅವಳ ದನಿ ಎಷ್ಟು ಜೋರಾಗಿ ಹೊರಟಿತೆಂದರೆ ಮೇಜಿನ ಸುತ್ತ ಇದ್ದವರೆಲ್ಲ ತಂತಮ್ಮ ಪ್ರಾರ್ಥನೆ ಮರೆತು ನಕ್ಕರು. ಅವತ್ತು ಎಲ್ಲರ ದಳವೂ ತಪ್ಪಿತು. ಅವತ್ತಿನ ಖುಷಿ ಚಿಟ್ಟೆಗೆ ಮುಂದೆ ಮದುವೆಯಲ್ಲೂ ಆಗಲಿಲ್ಲ. ಗಂಡನಿಗೂ ಇದು ಗೊತ್ತಿತ್ತು.

ಮದುವೆಯ ಮಾತು ತಂದವಳೂ ಅದೇ ಮೇಜಿನವಳು. ಕೋಣೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಅವಳದು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಚಿಟ್ಟೆಯ ಪಕ್ಕದಲ್ಲಿ ಕೂತು ನೂಲು ಎಷ್ಟು ಬಿಗಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಬೆರಳಿಗೆ ಬೆರಳು ಹಚ್ಚಿ ಕಲಿಸಿದವಳು ಅವಳೇ. ಅವಳ ಗಂಡನೂ ಮೈದುನನೂ ಬಡಗಿಗಳು. "ನಮ್ಮನೇಲಿ ಎಲ್ಲರೂ ಅಳತೆ ಹಾಕಿ ಮಾತಾಡ್ತಾರೆ. ಈ ಚಿಟ್ಟೆ ಬಂದ್ರೆ ಸ್ವಲ್ಪ ಗಲಗಲ ಅನ್ನುತ್ತೆ" ಎಂದು ತನ್ನ ಅತ್ತೆಗೆ ಹೇಳಿ, ಮೈದುನನನ್ನು ಒಪ್ಪಿಸಿ, ಚಿಟ್ಟೆಯನ್ನು ಓರಗಿತ್ತಿಯಾಗಿ ಮನೆಗೆ ತಂದುಕೊಂಡಳು. ಬೆಳಿಗ್ಗೆ ಇಬ್ಬರೂ ಒಂದೇ ಕೊಡೆಯಲ್ಲಿ ಕೆಲಸಕ್ಕೆ ಹೋಗುವುದು, ಸಂಜೆ ಒಂದೇ ಕೊಡೆಯಲ್ಲಿ ಬರುವುದು. ಬಿಸಿಲಿಗೂ ಅದೇ, ಮಳೆಗೂ ಅದೇ. ಎರಡನೇ ಕೊಡೆ ಕೊಳ್ಳೋಣ ಎಂದು ಗಂಡಸರು ಹೇಳಿದರೂ ಇಬ್ಬರಿಗೂ ಬೇಡ.

ಅತ್ತೆ ಎಂದರೆ ಹಲ್ಲಿಲ್ಲದ ಬಾಯಿ, ಅದರ ತುಂಬ ನಗು. ತಾಯಿಯಿಲ್ಲದೆ ಬೆಳೆದಿದ್ದ ದೊಡ್ಡಕ್ಕನಿಗೆ ಅವರೇ ತಾಯಿ. ಅವರು ಕೆಮ್ಮಿದರೆ ಇವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅತ್ತೆ ಜ್ವರದಿಂದ ಮಲಗಿದ್ದರು. ದೊಡ್ಡಕ್ಕ ಕೆಲಸಕ್ಕೆ ಹೋಗಿದ್ದಳು, ಚಿಟ್ಟೆ ನೋಡಿಕೊಳ್ಳಲು ಉಳಿದಿದ್ದಳು. "ಒಂದು ಲೋಟ ನೀರು ಕೊಡು ಮಗಳೇ" ಎಂದರು ಅತ್ತೆ. ಚಿಟ್ಟೆ ಅಡುಗೆಮನೆಯಿಂದ ನೀರು ತುಂಬಿಕೊಂಡು ಬರುವಾಗ ನಡುಮನೆಯ ಕಿಟಕಿಯಲ್ಲಿ ಬೀದಿ ಕಂಡಿತು. ಮೂಲೆ ಅಂಗಡಿಯ ಟೈಲರ್, ಅಂಥ ಭಾರಿ ಆಳು, ಆ ವಯಸ್ಸಿನಲ್ಲಿ ಸೈಕಲ್ ಕಲಿಯುತ್ತಿದ್ದ. ಅವನ ಹೆಂಡತಿ ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದಳು. ಹ್ಯಾಂಡಲ್ ಅತ್ತ ವಾಲಿದರೆ ಟೈಲರ್ ಇತ್ತ ವಾಲುತ್ತಿದ್ದ. ಈಗ ಬಿದ್ದ, ಇನ್ನೇನು ಬಿದ್ದ ಎನ್ನುತ್ತ ಚಿಟ್ಟೆ ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

ಟೈಲರ್ ಬೀಳಲಿಲ್ಲ. ಒಳಗೆ ಅತ್ತೆ ಬಿದ್ದರು. ಕಾದು ಕಾದು, ಬಾಯಾರಿಕೆ ತಡೆಯದೆ ತಾವೇ ಎದ್ದಿದ್ದರು.

ಚಿಟ್ಟೆ ಓಡಿಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳುತ್ತ, ತಾನು ಯಾಕೆ ತಡ ಮಾಡಿದೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ಅತ್ತೆ ನೋವಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಆದರೂ ಕಣ್ಣು ಬಿಟ್ಟು ಕೇಳಿದರು: "ಬಿದ್ನಾ ಅವ್ನು?"

"ಇಲ್ಲ ಅತ್ತೆ."

"ಹೋಗ್ಲಿ ಬಿಡು. ನಾನಾದ್ರೂ ಬಿದ್ನಲ್ಲ."

ಅವರ ಸೊಂಟದ ಮೂಳೆ ಮುರಿದಿತ್ತು. ಕಿಟಕಿಯಲ್ಲಿ ನಿಂತು ತಡ ಮಾಡಿದೆ ಎಂದಷ್ಟೇ ಚಿಟ್ಟೆ ದೊಡ್ಡಕ್ಕನಿಗೆ ಹೇಳಿದಳು. ಆಮೇಲೆ ಅವರು ನಡೆಯಲಿಲ್ಲ. ಹಾಸಿಗೆಯಲ್ಲೇ ಕೆಲವು ತಿಂಗಳು ಇದ್ದರು. ಪ್ರತಿ ಸಂಜೆ ಚಿಟ್ಟೆಯನ್ನು ಕರೆದು, "ಇವತ್ತು ಬೀದೀಲಿ ಏನಾಯ್ತು ಹೇಳೇ" ಎನ್ನುವರು. ಅವಳು ಹೇಳುವಳು, ಅತ್ತೆ ಬೊಚ್ಚು ಬಾಯಲ್ಲಿ ನಗುವರು. ಮಲಮೂತ್ರ ಬಳಿದು, ಹಾಸಿಗೆಯ ಬಟ್ಟೆ ಒಗೆದು ಸುಸ್ತಾಗಿ ಬಂದ ದೊಡ್ಡಕ್ಕ ಬಾಗಿಲಲ್ಲಿ ನಿಂತು ಈ ನಗುವನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು. ಮಾಡುವುದನ್ನು ಮಾಡಿ ಈಗ ಕಥೆ ಹೇಳುತ್ತಾಳೆ ಎಂದು ಅವಳಿಗೆ ಸಿಟ್ಟು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಅತ್ತೆ ಇರುವವರೆಗೆ.

ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನ. ಯಾರೋ ಮುದುಕಿ, "ಪಾಪ, ವಯಸ್ಸಾಗಿತ್ತು" ಎಂದಳು. ದೊಡ್ಡಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅತ್ತೆ ವಯಸ್ಸಾಗಿ ಸಾಯ್ಲಿಲ್ಲ. ಇವಳ ಕಿಟಕಿ ಅವರನ್ನ ಸಾಯಿಸ್ತು."

ಆ ಮಾತು ಮನೆಯಿಂದ ಬೀದಿಗೆ, ಬೀದಿಯಿಂದ ಚರ್ಚಿಗೆ ಹೋಯಿತು. ಅವಳು ಎದುರಿಗೆ ಬಂದರೆ ಹೆಂಗಸರು "ಕಿಟಕಿ ಬಂತು" ಎಂದು ಒಬ್ಬರಿಗೊಬ್ಬರು ಕಣ್ಣು ಮಾಡುತ್ತಿದ್ದರು. ಮನೆಯಲ್ಲಿ ಅಡುಗೆಮನೆ ಒಂದೇ ಇತ್ತು, ಒಲೆ ಎರಡಾಯಿತು. ಕೊಡೆಯೂ ಎರಡಾಯಿತು. "ಹಾಲು ಉಕ್ತಾ ಇದೆ" ಎಂದು ದೊಡ್ಡಕ್ಕ ಗೋಡೆಗೆ ಹೇಳುವಳು. "ಕಾಣ್ತಾ ಇದೆ" ಎಂದು ಚಿಟ್ಟೆ ಬೆಕ್ಕಿಗೆ ಹೇಳುವಳು. ಅಣ್ಣತಮ್ಮಂದಿರು ಮಾತ್ರ ಮೊದಲಿನ ಹಾಗೇ ಒಂದೇ ಗರಗಸದ ಎರಡು ಕಡೆ ಹಿಡಿದು ಮರ ಕೊಯ್ಯುತ್ತಿದ್ದರು. ಅವರಿಗೆ ಎರಡೂ ಒಲೆಯ ಚಹಾ ಸಿಗುತ್ತಿತ್ತು, ಹಾಗಾಗಿ ಅವರದೇನೂ ಗಲಾಟೆಯಿಲ್ಲ.

ಅಂಥ ದಿನಗಳಲ್ಲೇ ಚರ್ಚಿಗೆ ಹೊಸ ಮೇಜು ಮಾಡಿಸುವುದೆಂದಾಯಿತು. ಪ್ರಭುಭೋಜನದ ದಿನ ರೊಟ್ಟಿಯನ್ನೂ ಪಾತ್ರೆಯನ್ನೂ ಇಡುವ ಮೇಜು, ಹಳೆಯದಕ್ಕಿಂತ ಉದ್ದ. ಮೇಜು ಮಾಡುವ ಕೆಲಸ ಅಣ್ಣತಮ್ಮಂದಿರಿಗೆ ಬಂತು. ಅದರ ಬಿಳಿ ಹೊದಿಕೆಗೆ ಲೇಸಿನ ಅಂಚು ಹಾಕುವ ಕೆಲಸ ಟೀಚರಮ್ಮನ ಕೋಣೆಗೆ. ಉದ್ದನೆಯ ಅಂಚನ್ನು ಯಾವತ್ತೂ ಇಬ್ಬರು ಹೆಣೆಯುತ್ತಿದ್ದರು, ಎರಡು ತುದಿಗಳಿಂದ ಶುರುಮಾಡಿ ನಡುವೆ ಬಂದು ಸೇರುತ್ತಿದ್ದರು. ಇಬ್ಬರ ಕೈಬಿಗಿಯೂ ಒಂದೇ ತರಹ ಇರಬೇಕು, ಇಲ್ಲದಿದ್ದರೆ ಸೇರುವ ಜಾಗದಲ್ಲಿ ಎದ್ದು ಕಾಣುತ್ತದೆ. ಆ ಕೋಣೆಯಲ್ಲಿ ಕೈ ಕೂಡುತ್ತಿದ್ದುದು ಈ ಇಬ್ಬರದೇ. ಕಲಿಸಿದವಳು ಒಬ್ಬಳು, ಕಲಿತವಳು ಇನ್ನೊಬ್ಬಳು.

"ನೀನು ಎಡಗಡೆಯಿಂದ, ನೀನು ಬಲಗಡೆಯಿಂದ" ಎಂದರು ಟೀಚರಮ್ಮ. ಇಬ್ಬರೂ ತಲೆಯಾಡಿಸಿದರು, ಒಬ್ಬರ ಮುಖ ಒಬ್ಬರು ನೋಡದೆ. ಇಬ್ಬರಿಗೂ ಹೂವಿನ ಲೆಕ್ಕ ಒಂದೇ. ಅಷ್ಟು ಹೂವಾದರೆ ಸರಿಯಾಗಿ ನಡುವಿಗೆ ಬರಬೇಕು.

ಚಿಟ್ಟೆಗೆ ಇದು ದೇವರೇ ಕೊಟ್ಟ ಅವಕಾಶ ಎನ್ನಿಸಿತು. ಇಡೀ ಸಭೆ ಆ ಮೇಜಿನ ಮುಂದೆ ಬಂದು ಮೊಣಕಾಲೂರುತ್ತದೆ. ಎಲ್ಲರ ಕಣ್ಣೂ ಅಂಚಿನ ನೇರಕ್ಕೇ ಬರುತ್ತದೆ. ಒಂದು ದಳವೂ ತಪ್ಪದ ಅಂಚನ್ನು ನೋಡಿದ ಮೇಲೆ ಯಾರಾದರೂ ತನ್ನನ್ನು ಕಿಟಕಿ ಎನ್ನುತ್ತಾರಾ? ಅನ್ನಲಾರರು. ತಪ್ಪಿದರೆ ಮಾತ್ರ ಸಾಯುವವರೆಗೆ ಆ ಹೆಸರೇ ಗಟ್ಟಿ. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆಯ ಪಕ್ಕ ಮೊಣಕಾಲೂರಿ ಬೇಡಿಕೊಂಡಳು: "ಸ್ವಾಮಿ, ಇದೊಂದು ಕೆಲಸದಲ್ಲಿ ನನ್ನ ಮನಸ್ಸು ಅಲ್ಲಿ ಇಲ್ಲಿ ಹೋಗದ ಹಾಗೆ ನೋಡ್ಕೋ. ಇನ್ನೇನೂ ಕೇಳಲ್ಲ."

ಎಂಥ ಶಿಸ್ತು ಅದು! ಬೀದಿಗೆ ಬೆನ್ನು ಹಾಕಿ ಕೂತಳು. ಬ್ಯಾಂಡಿನವರು ಹೋದರು, ತಿರುಗಲಿಲ್ಲ. ಎರಡು ಗಾಡಿಗಳು ಡಿಕ್ಕಿ ಹೊಡೆದು ಬೀದಿಯೆಲ್ಲ ಸೇರಿತು, ತಿರುಗಲಿಲ್ಲ. ಈಗ ಸೈಕಲ್ಲಿನಲ್ಲಿ ಪಳಗಿದ್ದ ಆ ಟೈಲರ್ ದಿನಾ ಕಿಟಕಿಯ ಕೆಳಗೇ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದ, ಬೇಕೆಂದೇ ಮಾಡುತ್ತಾನೋ ಎನ್ನುವಂತೆ. ಅವಳು ಕಣ್ಣರೆಪ್ಪೆ ಸಹ ಅಲುಗಿಸಲಿಲ್ಲ. ಪ್ರಾರ್ಥನೆ, ದಳ, ಪ್ರಾರ್ಥನೆ, ದಳ, ಆಮೆನ್. ಮೇಜಿನ ಆ ತುದಿಯಲ್ಲಿ ದೊಡ್ಡಕ್ಕನೂ ಹಾಗೇ, ಗಂಟು ಮುಖ ಹಾಕಿಕೊಂಡು, ತಲೆ ಎತ್ತದೆ.

ಹೊಸ ಮೇಜಿನ ಪ್ರತಿಷ್ಠೆಯ ಆರಾಧನೆಗೆ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅದರ ಮೇಲೆ ಹೊದಿಕೆ ಹಾಸಿದರು. ಚಿಟ್ಟೆ ತನ್ನ ಅಂಚನ್ನು ಎಡತುದಿಯಿಂದ ಹಿಡಿದು ತಂದಳು. ಹೂವೆಲ್ಲ ಮುಗಿಯಿತು. ಅಂಚು ನಡುವಿಗೆ ಬರಲಿಲ್ಲ. ಒಂದು ಗೇಣಿಗಿಂತ ಹೆಚ್ಚೇ ಕಡಿಮೆ ಬಿತ್ತು. ಮತ್ತೆ ಎಳೆದಳು, ನಯವಾಗಿ ಸವರಿದಳು. ಎಳೆದರೆ ಬೆಳೆಯಲು ಅದೇನು ರಬ್ಬರೇ? ಅಷ್ಟು ಬೆನ್ನು ಹಾಕಿ ಕೂತದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದು ಅಂದುಕೊಳ್ಳುವಷ್ಟರಲ್ಲಿ ದೊಡ್ಡಕ್ಕ ಬಲತುದಿಯಿಂದ ತನ್ನದನ್ನು ಹಾಸಿದಳು. ಅದೂ ಬರಲಿಲ್ಲ. ಅಷ್ಟೇ ಕಡಿಮೆ. ನಡುವೆ ಬೋಳು ಬಟ್ಟೆ ಇಬ್ಬರನ್ನೂ ನೋಡುತ್ತಿತ್ತು.

"ಮೇಜೇ ಉದ್ದ ಆಗಿದೆ" ಎಂದಳು ದೊಡ್ಡಕ್ಕ.

"ಹೌದು, ಮೇಜೇ" ಎಂದಳು ಚಿಟ್ಟೆ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಂದೇ ಮಾತು ಆಡಿದ್ದರು, ಅದೂ ಗಂಡಂದಿರ ಮೇಲೆ ತಪ್ಪು ಹೊರಿಸಲು. ಗಂಡಂದಿರು ಟೇಪು ತಂದು ಅಳೆದು ತೋರಿಸಿದರು. ಹೇಳಿದಷ್ಟೇ ಇತ್ತು. ನೂಲು ಕುಗ್ಗಿದೆ ಎಂದರು, ಕಡ್ಡಿ ಸಣ್ಣದು ಎಂದರು. ಟೀಚರಮ್ಮ ಇಬ್ಬರನ್ನೂ ಲೇಸಿನ ಕೋಣೆಗೆ ಕರೆದುಕೊಂಡು ಹೋದರು.

"ಒಂದೊಂದು ಹೂವು ಹಾಕಿ ತೋರಿಸಿ. ಪ್ರಾರ್ಥನೆ ನನಗೆ ಕೇಳಿಸೋ ಹಾಗೆ."

ಮೊದಲು ಚಿಟ್ಟೆ. ಅವಳು ಕಣ್ಣನ್ನು ಕಡ್ಡಿಯಿಂದ ಎತ್ತದೆ, ಗಟ್ಟಿಯಾಗಿ ಹೇಳುತ್ತ, ಒಂದು ಹೂವು ಮುಗಿಸಿದಳು. ಟೀಚರಮ್ಮ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ದೊಡ್ಡಕ್ಕ. ಚಿಟ್ಟೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಮಾತು ಬಂತು, ದಳ ಬಂತು. ನಮಗೆ ತಪ್ಪು ಮಾಡಿದವರನ್ನು ನಾವೂ ಕ್ಷಮಿಸಿದ್ದೇವೆ ಎಂಬ ಮುಂದಿನ ಮಾತು ಬರಬೇಕಾದಲ್ಲಿ ದೊಡ್ಡಕ್ಕ ಒಂದು ಸಲ ಉಸಿರೆಳೆದುಕೊಂಡಳು, ಅಷ್ಟೆ. ನೇರ ಅದರಾಚೆಗಿನ ಮಾತಿಗೆ ಹೋದಳು. ಹೂವು ಮುಗಿಯಿತು, ಒಂದು ದಳ ಕಡಿಮೆ.

ಚಿಟ್ಟೆಗೆ ಸಂತೋಷ ತಡೆಯಲಾಗಲಿಲ್ಲ. "ಬಿಟ್ಲು! ಟೀಚರಮ್ಮ, ಒಂದು ಮಾತು ಬಿಟ್ಲು! ಕ್ಷಮಿಸೋ ಮಾತೇ ಬಿಟ್ಲು!"

"ಹೂಂ" ಎಂದರು ಟೀಚರಮ್ಮ. ಮಡಿಲಿನಿಂದ ಚಿಟ್ಟೆಯ ಹೂವನ್ನು ತೆಗೆದು ದೊಡ್ಡಕ್ಕನ ಹೂವಿನ ಪಕ್ಕ ಇಟ್ಟರು. ಎರಡೂ ಒಂದೇ ಅಳತೆ. "ನೀನೂ ಅಲ್ಲೇ ಬಿಟ್ಟೆ."

ಚಿಟ್ಟೆ ಎರಡೂ ಹೂವಿನ ದಳ ಎಣಿಸಿದಳು.

"ಒಂದೇ ಹೂವು ನೋಡಿದ್ರೆ ತಿಳಿಯಲ್ಲ, ಸ್ವಲ್ಪ ಸಣ್ಣದು ಅಷ್ಟೆ. ಅಷ್ಟೂ ಹೂವಲ್ಲಿ ಸೇರಿದ್ರೆ ಗೇಣು. ನಮ್ಮನ್ನ ಕ್ಷಮಿಸು ಅಂತ ಇಬ್ಬರೂ ಚೆನ್ನಾಗೇ ಕೇಳ್ಕೊಂಡಿದ್ದೀರಿ. ಆಮೇಲಿಂದು ಇಬ್ಬರ ಗಂಟಲಲ್ಲೂ ಇಳಿದಿಲ್ಲ." ಟೀಚರಮ್ಮ ಎದ್ದರು. "ಬಿಚ್ಚೋಕೆ ಈಗ ಹೊತ್ತಿಲ್ಲ. ನಡುವೆ ಖಾಲಿ ಇರೋದನ್ನ ಇಬ್ಬರೂ ಕೂತು ತುಂಬಿ. ಆದ್ರೆ ಪೂರ್ತಿ ಹೇಳಿ ತುಂಬಿ. ನಾನು ಚರ್ಚಲ್ಲಿ ಹೂದಾನಿ ನೋಡ್ತೀನಿ."

ಚಿಟ್ಟೆ ಕೂತಲ್ಲೇ ಕೂತಿದ್ದಳು. ಭಾನುವಾರ ಇಡೀ ಸಭೆಯ ಜೊತೆ ದನಿ ಸೇರಿಸುವಾಗ ಒಂದು ಮಾತು ನುಂಗಿದರೆ ಯಾರಿಗೆ ತಿಳಿಯುತ್ತದೆ? ಅವಳಿಗೇ ತಿಳಿದಿರಲಿಲ್ಲ. ಮನಸ್ಸು ಹೊರಗೆ ಹೋಗಲಿಲ್ಲ ಎಂದು ಅವಳು ಹೆಮ್ಮೆ ಪಟ್ಟದ್ದು ಸುಳ್ಳಲ್ಲ. ಅದು ಹೊರಗೆ ಹೋಗುವ ಬದಲು ಒಳಗೇ ಒಂದು ಮೂಲೆಯಲ್ಲಿ, ಆ ಸಾವಿನ ದಿನದ ಮಾತಿನ ಮುಂದೆ, ಅಷ್ಟು ದಿನವೂ ಕಾವಲು ಕೂತಿತ್ತು. ಬೀದಿಯ ಬ್ಯಾಂಡಾದರೂ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ.

ಇಬ್ಬರೂ ಕಿಟಕಿಯ ಬಳಿಯ ಬೆಂಚಿನಲ್ಲಿ ಕೂತರು. ಬೆಳಕು ಅಲ್ಲೇ ಚೆನ್ನಾಗಿತ್ತು. ಹೊದಿಕೆ ಇಬ್ಬರ ಮಡಿಲಲ್ಲೂ ಹರಡಿತ್ತು. ದೊಡ್ಡಕ್ಕ ತನ್ನ ತುದಿಯಿಂದ, ಚಿಟ್ಟೆ ತನ್ನ ತುದಿಯಿಂದ, ಒಟ್ಟಿಗೆ ದನಿ ಎತ್ತಿ ಹೇಳುತ್ತ ಬಂದರು. ದಳದ ಮೇಲೆ ದಳ ಬಂತು. ಆ ಮಾತಿನ ಹೊಸ್ತಿಲಿಗೆ ಬಂದಾಗ ದೊಡ್ಡಕ್ಕನ ನೂಲಿನ ಬೆರಳು ಮೇಲೆದ್ದಿತು. ಪ್ರಾರ್ಥನೆ ಮುಗಿಯುವವರೆಗೆ ಜನ ಕಾಯಲಿ ಎಂದು ಎತ್ತುವ ಬೆರಳು ಅದು. ಪ್ರಾರ್ಥನೆಯೇ ಕಾಯಲಿ ಎಂದು ಯಾರೂ ಎತ್ತಿದ್ದಿಲ್ಲ.

"ಚಿಟ್ಟೆ." ಗೋಡೆಗಲ್ಲ, ಅವಳಿಗೇ ಹೇಳಿದಳು. "ಅವತ್ತು ಕಿಟಕೀಲಿ ಏನು ನೋಡ್ತಿದ್ದೆ?"

ಇದನ್ನು ಈವರೆಗೆ ಒಬ್ಬರೂ ಕೇಳಿರಲಿಲ್ಲ. ಕಿಟಕಿ ಎಂದವರೆಲ್ಲ ಕಿಟಕಿಗೇ ನಿಂತಿದ್ದರು.

"ಮೂಲೆ ಅಂಗಡಿ ಟೈಲರು. ಸೈಕಲ್ ಕಲೀತಿದ್ದ. ಹೆಂಡತಿ ಸೀಟು ಹಿಡ್ಕೊಂಡು ಓಡ್ತಿದ್ಲು."

"ಆ ಮೈ ಇಟ್ಕೊಂಡಾ?"

"ಹೂಂ."

ದೊಡ್ಡಕ್ಕ ಕಿಟಕಿಯಾಚೆ ನೋಡಿದಳು. ಅವಳ ತುಟಿಯ ಮೂಲೆ ತಡೆದರೂ ನಿಲ್ಲದೆ ಅದುರಿತು. "ಬಿದ್ನಾ?"

ಚಿಟ್ಟೆಯ ಕೈಯಿಂದ ಕಡ್ಡಿ ಜಾರಿ ನೆಲಕ್ಕೆ ಬಿತ್ತು. "ಅಕ್ಕ... ಅತ್ತೇನೂ ಇದನ್ನೇ ಕೇಳಿದ್ರು. ಬಿದ್ದಲ್ಲೇ, ನನ್ನ ತೊಡೆ ಮೇಲೆ ತಲೆ ಇಟ್ಕೊಂಡು, ಅಷ್ಟು ನೋವಲ್ಲೂ ಇದನ್ನೇ ಕೇಳಿದ್ರು. ಇಲ್ಲ ಅಂದೆ. ನಾನಾದ್ರೂ ಬಿದ್ನಲ್ಲ ಅಂದ್ರು."

ದೊಡ್ಡಕ್ಕ ಬಗ್ಗಿ ಕಡ್ಡಿ ಎತ್ತಿ ಅವಳ ಕೈಗೆ ಕೊಟ್ಟಳು. "ಅತ್ತೆ ನಿನ್ನ ಮೇಲೆ ಸಿಟ್ಟಾಗ್ಲಿಲ್ವಾ?"

"ಇಲ್ಲಕ್ಕ."

"ಅವರ ಪಾಲಿನ ಸಿಟ್ಟೆಲ್ಲ ನಾನೇ ಹೊತ್ಕೊಂಡು ತಿರುಗಿದ್ನಲ್ಲೇ... ನನಗ್ಯಾಕೆ ಇದನ್ನ ಹೇಳ್ಲಿಲ್ಲ?"

"ನೀನೆಲ್ಲಿ ಮಾತಾಡಿದೆ? ಬೆಕ್ಕಿಗೆ ಹೇಳಿದ್ದೆ."

ದೊಡ್ಡಕ್ಕ ನಗಲು ಹೋಗಿ ಅತ್ತುಬಿಟ್ಟಳು. ಹೊದಿಕೆ ನೆನೆಯದಂತೆ ಮುಖ ಆಚೆ ತಿರುಗಿಸಿಕೊಂಡು ಅತ್ತಳು, ಅಂಥ ಕೆಲಸಗಾತಿ. "ಸಾವಿನ ಮನೇಲಿ ಆಡಬಾರದ ಮಾತು ಆಡ್ಬಿಟ್ಟೆ ಕಣೇ."

"ನಾನೂ ನಿಲ್ಲಬಾರದ ಹೊತ್ತಲ್ಲಿ ನಿಂತೆ."

"ಸರಿ, ಹೇಳು ಆ ಮಾತು."

"ನೀನು ದೊಡ್ಡವಳು. ನೀನೇ ಮೊದಲು ಹೇಳು."

"ಎಲ್ಲದಕ್ಕೂ ನಾನೇ ಮೊದಲು ಬೇಕು ಇವಳಿಗೆ."

ಕೊನೆಗೆ ಇಬ್ಬರೂ ಒಟ್ಟಿಗೇ ಹೇಳಿದರು. ಆ ದಳ ಸ್ವಲ್ಪ ಸಡಿಲವಾಯಿತು. ಬಿಚ್ಚಲಿಲ್ಲ, ಹಾಗೇ ಬಿಟ್ಟರು. ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಅಂಚು ಕೂಡಿತು. ಮನೆಗೆ ಹೋಗುವಾಗ ಮಳೆ ಹನಿಯುತ್ತಿತ್ತು. ಇಬ್ಬರ ಹತ್ತಿರವೂ ಕೊಡೆ ಇತ್ತು. ದೊಡ್ಡಕ್ಕ ತನ್ನದನ್ನು ಬಿಚ್ಚಲೇ ಇಲ್ಲ.

ಮರುದಿನ ಸಭೆ ಆ ಮೇಜಿನ ಮುಂದೆ ಮೊಣಕಾಲೂರಿತು. ಎಡಬಲದಲ್ಲಿ ಸಣ್ಣ ಹೂಗಳು, ನಡುವೆ, ರೊಟ್ಟಿ ಮತ್ತು ಪಾತ್ರೆ ಇಟ್ಟ ನೇರಕ್ಕೆ, ತುಸು ದೊಡ್ಡವು. ಬೇಕೆಂದೇ ಹಾಗೆ ಮಾಡಿದ್ದಾರೆ, ಎಷ್ಟು ಚೆಂದ ಎಂದು ಎಲ್ಲರೂ ಹೊಗಳಿದರು. ಟೀಚರಮ್ಮ ಕೆಮ್ಮಿದರು, ಅಷ್ಟೆ. ಕಿಟಕಿ ಎಂಬ ಹೆಸರು ತಾನಾಗಿ ಬಿದ್ದುಹೋಯಿತು. ಬೀಳುವ ಹೊತ್ತಿಗೆ ಅದರ ಚಿಂತೆ ಚಿಟ್ಟೆಗೆ ಉಳಿದಿರಲಿಲ್ಲ.

ಆ ಮೇಲಿನದು ಉದ್ದ ಕಾಲ. ಯಂತ್ರದ ಲೇಸು ಬಂತು, ಕೋಣೆಗೆ ಬೀಗ ಬಿತ್ತು, ಟೀಚರಮ್ಮ ಹೋದರು, ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಹೋದರು. ದೊಡ್ಡಕ್ಕ ಕೊನೆಗೆ ಹಾಸಿಗೆ ಹಿಡಿದಾಗ ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದವಳು ಚಿಟ್ಟೆ. ಕಣ್ಣು ಮಂಜಾಗಿದ್ದ ದೊಡ್ಡಕ್ಕನಿಗೆ ಬೀದಿಯನ್ನೆಲ್ಲ ಹೇಳಿ ತೋರಿಸುತ್ತಿದ್ದವಳೂ ಅವಳೇ. ಈಗ ದೊಡ್ಡಕ್ಕನೂ ಇಲ್ಲ. ಪ್ರಭುಭೋಜನದ ಹೊದಿಕೆಯನ್ನು ಮಾತ್ರ ಇವತ್ತಿಗೂ ಚಿಟ್ಟೆಯಜ್ಜಿ ಬೇರೆಯವರ ಕೈಗೆ ಕೊಡುವುದಿಲ್ಲ. ತಾನೇ ತೊಳೆದು, ಒದ್ದೆಯಿರುವಾಗಲೇ ಒಂದೊಂದು ದಳವನ್ನೂ ಬೆರಳಲ್ಲಿ ಬಿಡಿಸಿ ಒಣಗಿಸುತ್ತಾಳೆ.

ಹೋದ ತಿಂಗಳು ಹೊಸದಾಗಿ ಬಂದ ಪಾದ್ರಿ, ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸಿನವನು, ಹೊದಿಕೆ ತೆಗೆದುಕೊಂಡು ಹೋಗಲು ಬಂದ. ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಅಜ್ಜೀ, ನಡುವೆ ಮಾತ್ರ ಡಿಸೈನ್ ಬೇರೆ ಇದೆಯಲ್ಲಾ?" ಎಂದ.

ಅಜ್ಜಿಯ ಮಡಿಲಲ್ಲಿ ಹೂವೊಂದು ಅರ್ಧವಾಗಿತ್ತು. ಬೆರಳು ನೆಟ್ಟಗಾಯಿತು. ಪಾದ್ರಿ ಕಾದ. ಆಮೆನ್ ಆಯಿತು, ಬೆರಳು ಇಳಿಯಿತು.

"ಡಿಸೈನ್ ಅಲ್ಲಪ್ಪ" ಎಂದಳು. "ಆ ಕಡೆ ಈ ಕಡೆ ಇರೋದು ನಾವು ಒಬ್ಬೊಬ್ಬರೇ ಹಾಕಿದ್ದು."